ಹಸೈನಾರ್ ಓದಿದ ಯುದ್ಧಗಳು

ಹಸೈನಾರ್ ಯುದ್ಧದ ಪುಸ್ತಕಗಳನ್ನು ಹಿಂದಿನಿಂದ ಓದಲು ಶುರು ಮಾಡುತ್ತಿದ್ದ. ಮೊದಲು ಕೊನೆಯ ಅನುಬಂಧ, ಯಾವ ಪಡೆ ಯಾವ ತಾರೀಖಿಗೆ ಎಲ್ಲಿತ್ತು ಎಂಬ ಪಟ್ಟಿ. ಆಮೇಲೆ ನಕ್ಷೆಗಳು. ತಾನು ಹುಡುಕುವುದು ಅಲ್ಲಿ ಇಲ್ಲವೆಂದು ಖಾತ್ರಿಯಾದ ಮೇಲೆ ಮೊದಲ ಪುಟಕ್ಕೆ ಬಂದು, ಎಲ್ಲರಂತೆ ನಿಧಾನವಾಗಿ ಓದುತ್ತಿದ್ದ.

ಅವನು ಕೆಲಸಕ್ಕಿದ್ದದ್ದು ಉಡುಪಿಯ ಕಡಿಯಾಳಿಯಲ್ಲಿ, ಮಣಿಪಾಲದ ಬಸ್ಸು ನಿಲ್ಲುವ ಜಾಗದ ಎದುರಿಗಿದ್ದ ಒಂದು ಬಾಡಿಗೆ ಪುಸ್ತಕದಂಗಡಿಯಲ್ಲಿ. ಅಂಗಡಿಯ ಯಜಮಾನ ಡೆನಿಸ್, ಮಾತಿನಲ್ಲಿ ಬಿರುಸು, ಮನಸ್ಸಿನಲ್ಲಿ ಮೆತ್ತಗಿನ ಮನುಷ್ಯ. ಎಪ್ಪತ್ತೈದರಲ್ಲಿ ಹದಿನೈದು ವರ್ಷದ ಮಿಲಿಟರಿ ನೌಕರಿ ಮುಗಿಸಿ ಬಂದ ಹಸೈನಾರನನ್ನು ಅವನು ಕೆಲಸಕ್ಕೆ ಇಟ್ಟುಕೊಂಡದ್ದು, ಇವನು ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುತ್ತಾನೆ ಎಂಬ ಒಂದೇ ನಂಬಿಕೆಯಿಂದ. ಓದುತ್ತಾನೆ ಎಂದು ಗೊತ್ತಿರಲಿಲ್ಲ. ಒಂದು ತಿಂಗಳಲ್ಲಿ ಗೊತ್ತಾಯಿತು. ಬಂದವರು "ಒಳ್ಳೆಯ ಪುಸ್ತಕ ಎಂತ ಉಂಟು?" ಎಂದು ಕೇಳಿದರೆ ಹಸೈನಾರ್ ಐದು ನಿಮಿಷ ಮಾತಾಡುತ್ತಿದ್ದ, ಅಷ್ಟರಲ್ಲಿ ಅವರ ಬಸ್ಸು ಹೋಗಿರುತ್ತಿತ್ತು. ಬೈಗುಳ ತಿಂದವನು ಡೆನಿಸ್.

"ಹೇಳುವುದಿದ್ದರೆ ಬರೆದು ಹಾಕು ಮಾರಾಯ," ಎಂದು ಡೆನಿಸ್ ಹಳೆಯ ಶಾಲೆಯೊಂದರಿಂದ ಒಂದು ಕರಿಹಲಗೆ ತಂದು ಜಗಲಿಯಲ್ಲಿ ತೂಗುಹಾಕಿದ.

ಹಸೈನಾರ್ ಅದರ ಮೇಲೆ 'ಇತ್ತೀಚೆಗೆ ಓದಿದ್ದು' ಎಂದು ತಲೆಬರಹ ಬರೆದು, ಪ್ರತಿ ಸೋಮವಾರ ಕೆಳಗಿನ ಸಾಲುಗಳನ್ನು ಒರೆಸಿ ಹೊಸತನ್ನು ಬರೆಯತೊಡಗಿದ. "ಬರ್ಮಾದ ಕಾಡಿನ ಯುದ್ಧ. ಇಂಗ್ಲಿಷ್. ಬರೆದವರು ಮೊದಲು ಸೋತವರು, ಹಾಗಾಗಿ ಬಡಾಯಿ ಕಡಿಮೆ." "ಮರುಭೂಮಿಯ ಟ್ಯಾಂಕುಗಳ ಚರಿತ್ರೆ. ಮೊದಲ ನೂರು ಪುಟ ಬಿಡಬಹುದು. ಪೆಟ್ರೋಲು ಎಲ್ಲಿಂದ ಬಂತು ಎಂಬ ಅಧ್ಯಾಯ ಬಿಡಬೇಡಿ." "ಜೇನು ಸಾಕುವ ಕ್ರಮ. ಯುದ್ಧವಿಲ್ಲ. ಎದ್ದೇಳದೆ ಓದಿದೆ." ಒಮ್ಮೆ ಹೀಗೂ ಇತ್ತು: "ಶ್ರೀಮಂತರ ಹುಡುಗಿ ಬಡವನನ್ನು ಮದುವೆಯಾಗುವ ಕಾದಂಬರಿ. ತುಂಬ ಜನ ಕೇಳಿದರೆಂದು ಓದಿದೆ. ಕೊನೆಯ ಅಧ್ಯಾಯ ಆಸ್ಪತ್ರೆಯದ್ದು; ಆಸ್ಪತ್ರೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ."

ಹಲಗೆಯನ್ನು ಓದಿ ನಗುವವರು ಇದ್ದರು. ಅಲ್ಲಿ ಬರೆದ ಪುಸ್ತಕವನ್ನು ಕೇಳಿ ಪಡೆಯುವವರು ಕಡಿಮೆ. ಕಾದಂಬರಿಗಳ ಬೈಂಡು ಕಿತ್ತು ಬರುತ್ತಿದ್ದಾಗ ಯುದ್ಧದ ಪುಸ್ತಕಗಳು ಮೇಲಿನ ಶೆಲ್ಫಿನಲ್ಲಿ ಹೊಸತಾಗಿಯೇ ಕೂತಿರುತ್ತಿದ್ದವು.

ಹಸೈನಾರ್ ಕಾಪುವಿನವನು, ಬ್ಯಾರಿಗಳ ಮನೆಯವನು. ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯ ಸೇರಿ ಸರಬರಾಜು ದಳದಲ್ಲಿ ಟ್ರಕ್ಕು ಓಡಿಸಿದವನು. ನಡುವೆ ರಜೆಯಲ್ಲಿ ಬಂದು ಆಸ್ಯಾ ಎಂಬವಳನ್ನು ಮದುವೆಯಾಗಿದ್ದ; ಮೂರನೇ ವರ್ಷ ಅವಳು ವಿಷಮಜ್ವರದಲ್ಲಿ ತೀರಿಕೊಂಡ ಸುದ್ದಿ ಲಡಾಖಿನಲ್ಲಿದ್ದ ಅವನಿಗೆ ಮುಟ್ಟುವಾಗ ಹನ್ನೊಂದು ದಿನ ಕಳೆದಿತ್ತು. ಆಮೇಲೆ ಮದುವೆಯ ಮಾತು ಬಂದಾಗಲೆಲ್ಲ ಅವನು "ನೋಡುವ" ಎನ್ನುತ್ತಿದ್ದ. ಕಾಪುವಿನಲ್ಲಿ ಅಕ್ಕ ಸಫಿಯಮ್ಮನ ಮನೆಯಿತ್ತು. ಅಲ್ಲಿ ಜಾಗವೂ ಇತ್ತು. ಆದರೂ ಅವನು ಕಡಿಯಾಳಿಯಲ್ಲಿ ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದ. ಕಾಪುವಿನಲ್ಲಿ ದಿನಾ ಸುಂದರಿ ಕಣ್ಣಿಗೆ ಬೀಳುತ್ತಾಳೆ ಎನ್ನುವುದು ಅದಕ್ಕೆ ಕಾರಣವೆಂದು ಅವನು ಯಾರಿಗೂ ಹೇಳಲಿಲ್ಲ.

ಸುಂದರಿ ಮೀನು ಮಾರುವ ಹೆಂಗಸು. ಅವಳ ಗಂಡ ಸಮುದ್ರಕ್ಕೆ ಹೋದವನು ದೋಣಿ ಮಗುಚಿ ಹಿಂದೆ ಬಂದಿರಲಿಲ್ಲ. ಮಗ ಗುಣಪಾಲನಾದರೂ ನೀರಿಗೆ ಇಳಿಯುವುದು ಬೇಡವೆಂದು ಹಟ ಹಿಡಿದು, ಅವನನ್ನು ಮಿಲಿಟರಿಗೆ ಕಳಿಸಿದವಳು ಅವಳೇ. ಹಾಗೆ ಕಳಿಸುವಾಗ ಅವಳು ಸಲಹೆ ಕೇಳಿದ್ದು ರಜೆಯಲ್ಲಿದ್ದ ಹಸೈನಾರನನ್ನು. "ಅಲ್ಲಿ ನೀರು ಉಂಟಾ?" ಎಂದು ಕೇಳಿದ್ದಳು. "ಕುಡಿಯಲಿಕ್ಕೇ ಸಿಗುವುದಿಲ್ಲ," ಎಂದು ಹಸೈನಾರ್ ನಗಿಸಿದ್ದ. ಗುಣಪಾಲ ಅವನ ದಳವನ್ನೇ ಸೇರಿದ. ಇಬ್ಬರೂ ಒಂದೇ ಬ್ಯಾರಕಿನಲ್ಲಿದ್ದರು, ತುಳುವಿನಲ್ಲಿ ಮಾತಾಡಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಎಪ್ಪತ್ತೊಂದರ ನವೆಂಬರಿನಲ್ಲಿ ಹಸೈನಾರನಿಗೆ ಕಾಮಾಲೆ ಹಿಡಿಯಿತು. ಕಣ್ಣು ಅರಸಿನದಂತಾಗಿ, ಪಂಜಾಬಿನ ಮಿಲಿಟರಿ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ಯುದ್ಧ ಶುರುವಾಯಿತು, ಮುಗಿಯಿತು. ವಾರ್ಡಿನಲ್ಲಿ ಮೊದಲ ಪುಟಗಳು ಹರಿದುಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು, ಯಾವುದೋ ಹಳೆಯ ಯುದ್ಧದ್ದು. ಸೈನ್ಯದ ಪರೀಕ್ಷೆಗೆಂದು ಕಲಿತ ಇಂಗ್ಲಿಷಿನಲ್ಲಿ ಅವನು ಅದನ್ನು ಅಕ್ಷರ ಕೂಡಿಸಿ ಓದಿದ. ಹಿಂದಿನಿಂದ ಓದುವ ಅಭ್ಯಾಸ ಬಂದದ್ದು ಅಲ್ಲಿಂದಲೇ ಇರಬೇಕು.

ಫೆಬ್ರವರಿಯಲ್ಲಿ ದಳಕ್ಕೆ ಮರಳಿದಾಗ ಗುಣಪಾಲ ಇರಲಿಲ್ಲ. ಹಸೈನಾರನ ಟ್ರಕ್ಕೂ ಇರಲಿಲ್ಲ. ಇವನು ಆಸ್ಪತ್ರೆಯಲ್ಲಿದ್ದಾಗ ಅದನ್ನು ಓಡಿಸುತ್ತಿದ್ದವನು ಗುಣಪಾಲ. ಡಿಸೆಂಬರ್ ಹತ್ತರಂದು ಕರ್ತವ್ಯದ ಮೇಲೆ ಮಡಿದ ಎಂದು ಕಾಗದದಲ್ಲಿತ್ತು. ಎಲ್ಲಿ, ಹೇಗೆ ಎಂದು ಸರಿಯಾಗಿ ಹೇಳುವವರು ಸಿಗಲಿಲ್ಲ; ಜೊತೆಗಿದ್ದವರು ಬೇರೆ ಬೇರೆ ಕಡೆ ವರ್ಗವಾಗಿದ್ದರು. ಹೊಳೆ ದಾಟುವಾಗ ಮೇಲಿನಿಂದ ಬಾಂಬು ಬಿತ್ತು ಎಂದ ಒಬ್ಬ ಹವಾಲ್ದಾರ. ಹೊಳೆಯಲ್ಲ, ರಸ್ತೆ ಎಂದ ಅಡಿಗೆಯವನು. ಇಬ್ಬರೂ ಕಣ್ಣಾರೆ ಕಂಡವರಲ್ಲ.

ಆ ವರ್ಷದ ರಜೆಯಲ್ಲಿ ಹಸೈನಾರ್ ಕಾಪುವಿಗೆ ಬಂದು ಸುಂದರಿಯ ಅಂಗಳದಲ್ಲಿ ನಿಂತ. ಅವಳು ಅಳಲಿಲ್ಲ, ಅದು ಮುಗಿದಿತ್ತು. ಕುಳಿತುಕೋ ಎಂದಳು, ನೀರು ಕೊಟ್ಟಳು, ಒಂದೇ ಪ್ರಶ್ನೆ ಕೇಳಿದಳು.

"ನೀರಿನಲ್ಲಾ, ನೆಲದಲ್ಲಾ?"

"ಗೊತ್ತಿಲ್ಲ ಅಕ್ಕ."

"ತಿಳಿದು ಹೇಳು."

ಅದನ್ನು ತಿಳಿಯಲೆಂದೇ ಅವನು ಓದತೊಡಗಿದ. ಯುದ್ಧದ ಬಗ್ಗೆ ಎಲ್ಲೋ ಯಾರೋ ಬರೆದಿರುತ್ತಾರೆ, ಬರೆದವರು ಹೊಳೆಯ ಹೆಸರು ಹೇಳಿರುತ್ತಾರೆ ಎಂದು ಅವನ ಲೆಕ್ಕ. ಆದರೆ ಪುಸ್ತಕಗಳಲ್ಲಿ ಬಾಣದ ಗುರುತುಗಳು ನಕ್ಷೆಯ ಮೇಲೆ ಓಡುತ್ತಿದ್ದವು, ಜನರಲ್ಲುಗಳು ಒಬ್ಬರನ್ನೊಬ್ಬರು ದೂರುತ್ತಿದ್ದರು, ಟ್ರಕ್ಕುಗಳು ತಮ್ಮಷ್ಟಕ್ಕೆ ಬಂದು ಮುಟ್ಟುತ್ತಿದ್ದವು. ಹುಡುಕುತ್ತ ಹುಡುಕುತ್ತ ಓದುವುದೇ ಹಿಡಿಸಿಬಿಟ್ಟಿತು. ತನ್ನದಲ್ಲದ ಯುದ್ಧಗಳನ್ನೂ ಓದಿದ, ನೂರಾರು ವರ್ಷದ ಹಿಂದಿನವನ್ನೂ ಓದಿದ. ತಿಂಗಳಿಗೊಂದು ಭಾನುವಾರ ಕಾಪುವಿಗೆ ಹೋದಾಗ ಸುಂದರಿ ಬುಟ್ಟಿ ಇಳಿಸಿ "ಸಿಕ್ಕಿತಾ?" ಎನ್ನುತ್ತಿದ್ದಳು. "ಇಲ್ಲ," ಎನ್ನುತ್ತಿದ್ದ. ಅವಳು ಬೂತಾಯಿ ಮೀನು ಕಟ್ಟಿಕೊಡುತ್ತಿದ್ದಳು. ಅವನು ಅದನ್ನು ಸಫಿಯಮ್ಮನ ಮನೆಗೆ ಕೊಟ್ಟು ಉಡುಪಿಯ ಬಸ್ಸು ಹಿಡಿಯುತ್ತಿದ್ದ.

ಎಪ್ಪತ್ತೇಳರ ಸ್ವಾತಂತ್ರ್ಯ ದಿನಕ್ಕೆ ಆದಿ ಉಡುಪಿಯ ಒಂದು ಯುವಕ ಸಂಘದವರು ಅವನನ್ನು ಭಾಷಣಕ್ಕೆ ಕರೆದರು. ಹಲಗೆ ನೋಡಿ ಬಂದವರು. ಶಾಲು ಹೊದಿಸಿ, "ಎಪ್ಪತ್ತೊಂದರ ಯುದ್ಧದಲ್ಲಿ ಹೋರಾಡಿದ ನಮ್ಮ ವೀರ ಯೋಧ" ಎಂದು ಪರಿಚಯ ಮಾಡಿದರು. ಹಸೈನಾರ್ ಮೈಕಿನ ಮುಂದೆ ನಿಂತ. ಏಳೆಂಟು ಯುದ್ಧಗಳನ್ನು ಅವನು ಗಂಟೆಗಟ್ಟಲೆ ವರ್ಣಿಸಬಲ್ಲವನಾಗಿದ್ದ. ಅದರಲ್ಲಿ ಒಂದನ್ನು ತನ್ನದೆಂದು ಹೇಳಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನು ಹೋರಾಡಲಿಲ್ಲ," ಎಂದ. "ಆಗ ನನಗೆ ಕಾಮಾಲೆ ಆಗಿತ್ತು. ಆಸ್ಪತ್ರೆಯಲ್ಲಿದ್ದೆ. ಯುದ್ಧದ ಬಗ್ಗೆ ತಿಳಿಯಬೇಕೆಂದು ಆಸೆ ಇರುವವರಿಗೆ ಎರಡು ಒಳ್ಳೆಯ ಪುಸ್ತಕ ಹೇಳುತ್ತೇನೆ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಅವನು ಎರಡು ಪುಸ್ತಕಗಳ ಬಗ್ಗೆಯೂ ಪೂರ್ತಿ ಹೇಳಿಯೇ ಕೂತ. ಚಹಾದ ಹೊತ್ತಿಗೆ ಅವನ ಬಳಿ ಯಾರೂ ಬರಲಿಲ್ಲ. ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಆದಿ ಉಡುಪಿಯಿಂದ ಕಡಿಯಾಳಿಯವರೆಗೆ ನಡೆದೇ ಬಂದ.

ಹಲಗೆಯ ಮೇಲಿನ ಪುಸ್ತಕಗಳನ್ನು ತಪ್ಪದೆ ಒಯ್ಯುತ್ತಿದ್ದವರು ಒಬ್ಬರೇ, ಐರಿನ್ ಟೀಚರ್. ಹತ್ತಿರದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ, ತಾಯಿಯನ್ನು ನೋಡಿಕೊಂಡಿದ್ದರು. ಪುಸ್ತಕ ಹಿಂದೆ ಕೊಡುವಾಗ ಜಗಳವಾಡಿಯೇ ಕೊಡುತ್ತಿದ್ದರು.

"ಇದರಲ್ಲಿ ಮನುಷ್ಯರೇ ಇಲ್ಲವಲ್ಲ ಹಸೈನಾರ್. ಬರೀ ಡಿವಿಜನ್ನುಗಳು."

"ನೂರಾ ಎಂಬತ್ತನೇ ಪುಟದಲ್ಲಿ ಒಬ್ಬ ಕ್ಷೌರಿಕ ಬರುತ್ತಾನೆ, ನೋಡಲಿಲ್ಲವಾ?"

"ಒಬ್ಬ ಕ್ಷೌರಿಕನಿಗೋಸ್ಕರ ನಾನು ಆರುನೂರು ಪುಟ ಓದಬೇಕಾ?"

"ನಾನು ಓದಿದೆ," ಎನ್ನುತ್ತಿದ್ದ ಹಸೈನಾರ್.

ಅವರು ಕಾದಂಬರಿಗಳನ್ನು ಓದುವಂತೆ ಅವನಿಗೆ ಹೇಳುತ್ತಿದ್ದರು, ಅವನು ಓದಿ ಹಲಗೆಯ ಮೇಲೆ ತಕರಾರು ಬರೆಯುತ್ತಿದ್ದ. ಸಂಜೆ ಐದು ಗಂಟೆಯ ಆ ಹತ್ತು ನಿಮಿಷಕ್ಕೆ ಅವನು ಬೆಳಿಗ್ಗೆಯೇ ಅಂಗಿ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದ. ಡೆನಿಸ್ ಅದನ್ನು ಕಂಡೂ ಕಾಣದಂತೆ ಇದ್ದ. ಹೀಗೆ ಮೂರು ವರ್ಷ ನಡೆಯಿತು. ಮಾತು ಪುಸ್ತಕ ಬಿಟ್ಟು ಆಚೆ ಹೋಗಲಿಲ್ಲ, ಹೋಗುವಂತೆ ಇಬ್ಬರೂ ಮಾಡಲಿಲ್ಲ.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ಐರಿನ್ ಟೀಚರ್ ಕೊನೆಯ ಪುಸ್ತಕ ಹಿಂದೆ ಕೊಡಲು ಬಂದರು. ಕಾರ್ಕಳದ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುವವರಿದ್ದರು. ತಾಯಿಯ ತವರೂ ಅಲ್ಲಿಯೇ. ಹೊರಡುವ ಮುಂಚೆ ಕೇಳಿದರು, "ಒಂದು ವಿಷಯ ಯಾವಾಗಲೂ ಕೇಳಬೇಕೆಂದಿದ್ದೆ. ನೀವು ಪುಸ್ತಕ ಬಿಡಿಸುವುದು ಹಿಂದಿನಿಂದ. ಎಂತ ಹುಡುಕುತ್ತೀರಿ?"

ಹಸೈನಾರ್ ಮೊದಲ ಬಾರಿಗೆ ಒಬ್ಬರಿಗೆ ಗುಣಪಾಲನ ವಿಷಯ ಹೇಳಿದ. ತಾರೀಖು ಹೇಳಿದ, ದಳದ ಹೆಸರು ಹೇಳಿದ, ಸುಂದರಿಯ ಪ್ರಶ್ನೆ ಹೇಳಿದ. ಟ್ರಕ್ಕು ತನ್ನದಾಗಿತ್ತು ಎನ್ನುವುದನ್ನೂ ಹೇಳಿದ. ಇದನ್ನು ಸುಂದರಿಗೆ ಇಲ್ಲಿಯವರೆಗೆ ಹೇಳಿಲ್ಲ ಎಂದ.

ಐರಿನ್ ಟೀಚರ್ ಕೈಚೀಲದಿಂದ ಚಿಕ್ಕ ಡೈರಿ ತೆಗೆದು ತಾರೀಖನ್ನೂ ದಳದ ಹೆಸರನ್ನೂ ಬರೆದುಕೊಂಡರು. ಬಸ್ಸು ಬಂತು, ಹತ್ತಿದರು.

ಆಮೇಲೆ ಕಾರ್ಡುಗಳು ಹೋಗುತ್ತ ಬರುತ್ತ ಇದ್ದವು, ವರ್ಷಕ್ಕೆ ನಾಲ್ಕೋ ಐದೋ. ಹಸೈನಾರ್ ಹಲಗೆಯ ಮೇಲೆ ಬರೆದದ್ದನ್ನೇ ಕಾರ್ಡಿನಲ್ಲೂ ಬರೆಯುತ್ತಿದ್ದ. ಅಂಗಡಿಯಲ್ಲಿ ಆ ಪುಸ್ತಕಗಳನ್ನು ಕೇಳುವವರು ಈಗ ಯಾರೂ ಇರಲಿಲ್ಲ. ಮಣಿಪಾಲದ ವಿದ್ಯಾರ್ಥಿಗಳು ಬಸ್ಸಿಗೆ ಕಾಯುತ್ತ ಹಲಗೆ ಓದುತ್ತಿದ್ದರು, ಬಸ್ಸು ಬಂದೊಡನೆ ಓಡುತ್ತಿದ್ದರು. ಸಂಜೆ ಐದಕ್ಕೆ ಅವನು ಒಂದು ಬೀಡಿ ಹಚ್ಚಿ ಜಗಲಿಯಲ್ಲಿ ನಿಲ್ಲುತ್ತಿದ್ದ, ಯಾರನ್ನೂ ಕಾಯದೆ.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ಕಾರ್ಕಳದಿಂದ ಒಂದು ಕಟ್ಟು ಬಂತು. ಒಳಗೆ ಒಬ್ಬ ನಿವೃತ್ತ ಬ್ರಿಗೇಡಿಯರರು ಬರೆದ ನೆನಪಿನ ಪುಸ್ತಕ, ಹಿಂದಿನ ವರ್ಷ ಪ್ರಕಟವಾದದ್ದು. ಜೊತೆಗೆ ಐರಿನ್ ಟೀಚರರ ಚೀಟಿ: "ಪತ್ರಿಕೆಯಲ್ಲಿ ಇದರ ಬಗ್ಗೆ ನೋಡಿ ತರಿಸಿದೆ. ಇಷ್ಟು ವರ್ಷ ನೀವು ಹೇಳಿದಿರಿ, ನಾನು ಓದಿದೆ. ಈ ಸಲ ನಾನು ಹೇಳುತ್ತಿದ್ದೇನೆ. ಹಿಂದಿನಿಂದ ಬೇಡ. ನೂರ ನಲವತ್ತೆಂಟನೇ ಪುಟ."

ಆ ಪುಟದಲ್ಲಿ ಆರು ಸಾಲು ಇತ್ತು. ಹತ್ತನೇ ತಾರೀಖು ಬೆಳಿಗ್ಗೆ ಹೊಳೆಗೆ ತಾತ್ಕಾಲಿಕ ಸೇತುವೆ ಸಿದ್ಧವಾಯಿತು. ಮದ್ದುಗುಂಡು ಹೊತ್ತ ಮೂರು ಟ್ರಕ್ಕುಗಳು ಸುರಕ್ಷಿತವಾಗಿ ಆಚೆ ದಡ ಸೇರಿದವು. ಕಬ್ಬಿನ ಗದ್ದೆಗಳ ನಡುವಿನ ಹಾದಿಯಲ್ಲಿ ಎರಡು ಫರ್ಲಾಂಗು ಹೋದ ಮೇಲೆ ಮುಂದಿನ ಟ್ರಕ್ಕು ನೆಲಬಾಂಬಿನ ಮೇಲೆ ಹತ್ತಿತು. ಚಾಲಕ ಅಲ್ಲಿಯೇ ಸತ್ತ. ಹಿಂದಿನ ಎರಡು ಟ್ರಕ್ಕುಗಳು ಸಂಜೆಯೊಳಗೆ ಗುರಿ ಮುಟ್ಟಿದವು. ದಳದ ಹೆಸರೂ ಇತ್ತು, ತಪ್ಪಿಲ್ಲದೆ. ಚಾಲಕನ ಹೆಸರು ಇರಲಿಲ್ಲ.

ಹೆಸರು ಬೇಕಾಗಿಯೂ ಇರಲಿಲ್ಲ. ಆ ದಳದಲ್ಲಿ ಸಾಲಿನ ಮುಂದಿನ ಟ್ರಕ್ಕು ಯಾವಾಗಲೂ ಹಸೈನಾರನದ್ದೇ. ಹಿರಿಯ ಚಾಲಕ ಮುಂದೆ ಇರಬೇಕೆಂದು ಮೊದಲಿನಿಂದಲೂ ನಡೆದುಬಂದದ್ದು. ಅವನ ಟ್ರಕ್ಕು ತೆಗೆದುಕೊಂಡವನಿಗೆ ಅವನ ಜಾಗವೂ ಬಂದಿತ್ತು.

ಆ ಸೋಮವಾರ ಅವನು ಹಲಗೆ ಒರೆಸಿದ, ಏನೂ ಬರೆಯಲಿಲ್ಲ. "ಎಂತ, ಈ ವಾರ ಓದಲಿಲ್ಲವಾ?" ಎಂದು ಡೆನಿಸ್ ಕೇಳಿದ. "ಓದಿದೆ," ಎಂದ ಹಸೈನಾರ್.

ಭಾನುವಾರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಕಾಪುವಿಗೆ ಹೋದ. ಸುಂದರಿಗೆ ವಯಸ್ಸಾಗಿತ್ತು, ಬುಟ್ಟಿ ಹೊರುವುದನ್ನು ಮಗಳು ಪುಷ್ಪಾವತಿಗೆ ಬಿಟ್ಟು, ತಾನು ಅಂಗಳದಲ್ಲಿ ಒಣಮೀನು ಹರವಿ ಕಾಗೆ ಓಡಿಸುತ್ತ ಕೂರುತ್ತಿದ್ದಳು. ಎಷ್ಟೋ ತಿಂಗಳಿನಿಂದ "ಸಿಕ್ಕಿತಾ" ಎಂದು ಕೇಳುವುದನ್ನೂ ಬಿಟ್ಟಿದ್ದಳು. ಹಸೈನಾರ್ ಅವಳ ಎದುರಿಗೆ ಕೂತು ಪುಸ್ತಕ ತೆಗೆದ. ಆರು ಸಾಲನ್ನೂ ತುಳುವಿನಲ್ಲಿ, ಒಂದೊಂದಾಗಿ ಹೇಳಿದ. ಏನನ್ನೂ ಸೇರಿಸಲಿಲ್ಲ.

"ಹೊಳೆ ದಾಟಿದ ಮೇಲೆ?" ಎಂದಳು.

"ದಾಟಿದ ಮೇಲೆ. ಗದ್ದೆಯ ಹಾದಿಯಲ್ಲಿ. ಒಣ ನೆಲ."

"ನೆಲದಲ್ಲಿ," ಎಂದಳು ಸುಂದರಿ. ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟಳು. "ಅವನ ಹೆಸರು ಎಲ್ಲಿ ಉಂಟು, ತೋರಿಸು."

"ಹೆಸರು ಹಾಕಲಿಲ್ಲ ಅಕ್ಕ. ಚಾಲಕ ಎಂದಷ್ಟೇ ಉಂಟು."

ಅವಳು ಆ ಪದ ಎಲ್ಲಿದೆಯೆಂದು ಕೇಳಿದಳು. ಹಸೈನಾರ್ ಬೆರಳಿಟ್ಟು ತೋರಿಸಿದ. ಓದಲು ಬಾರದ ಆ ಅಕ್ಷರಗಳನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಆಗ ಹಸೈನಾರ್, ಹನ್ನೆರಡು ವರ್ಷದಿಂದ ಬಾಯಿಗೆ ಬಾರದ್ದನ್ನು ಹೇಳಿದ.

"ಆ ಗಾಡಿ ನನ್ನದು. ನನಗೆ ಕಾಯಿಲೆ ಆಗದಿದ್ದರೆ ಅದರಲ್ಲಿ ನಾನಿರುತ್ತಿದ್ದೆ."

"ನನಗೆ ಗೊತ್ತುಂಟು."

ಹಸೈನಾರ್ ತಲೆಯೆತ್ತಿದ.

"ಕೊನೆಯ ಕಾಗದದಲ್ಲಿ ಬರೆದಿದ್ದ," ಎಂದಳು ಅವಳು. "ಹಸೈನಾರ್ ಮಲಗಿದ್ದಾನೆ, ಅವನ ಗಾಡಿ ನನಗೆ ಸಿಕ್ಕಿದೆ, ಒಳ್ಳೆಯ ಗಾಡಿ ಎಂದು. ಪುಷ್ಪ ಓದಿ ಹೇಳಿದಳು. ನೀನೇ ಹೇಳುತ್ತೀ ಎಂದು ನೋಡಿದೆ. ಪ್ರತಿ ಸಲ ಬಂದಾಗಲೂ ನೋಡಿದೆ."

ಸುಂದರಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತೇನೋ ಎಂದು ಅವನಿಗೆ ಆಮೇಲೆ ಅನಿಸಿತು.

"ನಿನ್ನ ತಪ್ಪು ಎಂತ ಇಲ್ಲ," ಎಂದಳು. "ಕಾಯಿಲೆ ಯಾರೂ ಕೇಳಿ ತರುವುದಿಲ್ಲ. ಆದರೆ ಇನ್ನು ನೀನು ಬರುವುದು ಬೇಡ. ನೀನು ಬಂದಾಗಲೆಲ್ಲ ಬೇಲಿಯ ದಣಪೆಯ ಹತ್ತಿರ ಹೆಜ್ಜೆಯ ಸದ್ದಾಗುತ್ತದೆ, ನಾನು ನೋಡುತ್ತೇನೆ, ನೀನಾಗಿರುತ್ತೀ. ಇಷ್ಟು ವರ್ಷ ಕೇಳಲಿಕ್ಕಿತ್ತು, ತಡೆದುಕೊಂಡೆ. ಈಗ ಕೇಳಿ ಆಯಿತು."

ಅವಳು ಎದ್ದು ಒಳಗೆ ಹೋಗಿ ಎಂದಿನಂತೆ ಮೀನು ಕಟ್ಟಿ ತಂದುಕೊಟ್ಟಳು. ಹಸೈನಾರ್ ತೆಗೆದುಕೊಂಡ. ಸಫಿಯಮ್ಮನ ಮನೆಗೆ ಹೋಗದೆ ನೇರ ಹೆದ್ದಾರಿಗೆ ಬಂದು ಬಸ್ಸಿಗೆ ನಿಂತ. ಆ ಮೀನನ್ನು ಕಡಿಯಾಳಿಯ ಕೋಣೆಯಲ್ಲಿ ತಾನೇ ಬೇಯಿಸಿ ಉಂಡ.

ಇದಾಗಿ ಎರಡು ವರ್ಷಕ್ಕೆ ಡೆನಿಸ್ ಅಂಗಡಿಯನ್ನು ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಮಾಡಿದ. ಬೇರೆ ದಾರಿ ಇರಲಿಲ್ಲ, ಪುಸ್ತಕಕ್ಕೆ ಬರುವವರು ತೀರಾ ಕಡಿಮೆಯಾಗಿದ್ದರು. "ಕ್ಯಾಸೆಟ್ ಕೊಡಲಿಕ್ಕೂ ಜನ ಬೇಕಲ್ವಾ, ನೀನು ಇರು," ಎಂದ. ಹಸೈನಾರ್ ಹದಿನೈದು ದಿನ ಇದ್ದ. ಬಂದವರು ಯಾವುದು ಚೆನ್ನಾಗಿದೆ ಎಂದು ಕೇಳುತ್ತಿದ್ದರು. ನೋಡದ್ದನ್ನು ಚೆನ್ನಾಗಿದೆ ಎನ್ನಲು ಅವನಿಗೆ ಬರುತ್ತಿರಲಿಲ್ಲ, ನೋಡಲು ಮೆಶಿನ್ನು ಇರಲಿಲ್ಲ. ಕೆಲಸ ಬಿಟ್ಟ. ಪಿಂಚಣಿ ಒಬ್ಬನಿಗೆ ಸಾಕಾಗುತ್ತಿತ್ತು. ಕಾದಂಬರಿಗಳು ರದ್ದಿಗೆ ಹೋದವು. ಮೇಲಿನ ಶೆಲ್ಫಿನ ಯುದ್ಧದ ಪುಸ್ತಕಗಳನ್ನು ಡೆನಿಸ್ ಅವನಿಗೇ ಕೊಟ್ಟ.

ಕಾರ್ಡಿನಲ್ಲಿ ಇದನ್ನು ತಿಳಿದ ಐರಿನ್ ಟೀಚರ್, ನಮ್ಮ ಶಾಲೆಯ ಕಪಾಟು ಖಾಲಿ ಉಂಟು, ಕೊಡುವುದಾದರೆ ಕೊಡಿ ಎಂದು ಬರೆದರು. ಹಸೈನಾರ್ ಒಂದು ವಾರ ಕೂತು ಪ್ರತಿ ಪುಸ್ತಕದ ಒಳರಟ್ಟಿನ ಮೇಲೆ ಮಕ್ಕಳಿಗೆ ತಿಳಿಯುವಂತೆ ನಾಲ್ಕು ಸಾಲು ಬರೆದ: ಯಾರು ಯಾರ ಮೇಲೆ ಹೋದರು, ಎಲ್ಲಿಂದ ಓದಬೇಕು, ಯಾವುದನ್ನು ನಂಬಬಾರದು. ಎರಡು ಗೋಣಿಚೀಲದಲ್ಲಿ ತುಂಬಿ ಕಾರ್ಕಳದ ಬಸ್ಸಿಗೆ ಹಾಕಿಕೊಂಡು ಹೋದ.

ಏಳು ವರ್ಷದ ಮೇಲೆ ಅವರನ್ನು ಕಂಡದ್ದು. ಕೂದಲು ಬೆಳ್ಳಗಾಗಿತ್ತು, ದಪ್ಪ ಕನ್ನಡಕ ಬಂದಿತ್ತು. ಆ ದಿನವೇ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರಿಂದ ಗಡಿಬಿಡಿಯಲ್ಲಿದ್ದರು. ಇಬ್ಬರೂ ನಿಂತುಕೊಂಡೇ ಪುಸ್ತಕಗಳನ್ನು ಜೋಡಿಸಿದರು.

"ನೂರ ನಲವತ್ತೆಂಟನೇ ಪುಟದ ವಿಷಯ ನೀವು ಬರೆಯಲೇ ಇಲ್ಲ," ಎಂದರು ಐರಿನ್ ಟೀಚರ್. "ಅದೇ ಅಲ್ವಾ?"

"ಅದೇ. ನೆಲದಲ್ಲಿ."

"ಅವನ ತಾಯಿಗೆ ಹೇಳಿದಿರಾ?"

"ಹೇಳಿದೆ. ಇನ್ನು ಬರಬೇಡ ಎಂದರು."

ಅವರು ಕೈಯಲ್ಲಿದ್ದ ಪುಸ್ತಕವನ್ನು ಹಿಡಿದುಕೊಂಡೇ ನಿಂತರು. "ನಾನು ಅದನ್ನು ಕಳಿಸಬಾರದಿತ್ತಾ ಹಸೈನಾರ್?"

"ಕಳಿಸಬೇಕಿತ್ತು ಟೀಚರ್," ಎಂದ ಅವನು. ಚೀಲದ ತಳದಿಂದ ಬ್ರಿಗೇಡಿಯರರ ಪುಸ್ತಕವನ್ನೂ ತೆಗೆದು ಕಪಾಟಿನಲ್ಲಿಟ್ಟ. ಅದು ನಿಮಗೆಂದು ಕೊಟ್ಟದ್ದು ಎಂದರು ಅವರು. ಓದಿಯಾಗಿದೆ ಎಂದ. ಹೊರಗೆ ಜೀಪಿನ ಸದ್ದಾಯಿತು, ಜವಾನ ಬಂದು ಕರೆದ. "ಚಹಾ ಕುಡಿದು ಹೋಗಿ, ನಾನು ಈಗ ಬರುತ್ತೇನೆ," ಎಂದು ಅವರು ಹೋದರು. ಹಸೈನಾರ್ ಚಹಾ ಕುಡಿದು, ಅರ್ಧ ಗಂಟೆ ಕೂತು, ಲೋಟವನ್ನು ತೊಳೆದಿಟ್ಟು ಎದ್ದ.

ಬಸ್ ಸ್ಟ್ಯಾಂಡಿನಲ್ಲಿ ಬಜಗೋಳಿ ಕಡೆಯಿಂದ ಬಂದ ಬಸ್ಸೊಂದು ತುಂಬಿ ನಿಂತಿತ್ತು. ಅದನ್ನು ಬಿಟ್ಟು, ಪಡುಬಿದ್ರಿಯ ಮೇಲಿಂದ ಸುತ್ತಿಹೋಗುವ ಬಸ್ಸಿಗೆ ಹತ್ತಿ ಉಡುಪಿಗೆ ಟಿಕೇಟು ತೆಗೆದ. ದಾರಿಯುದ್ದಕ್ಕೂ ಓದಲು ಏನೂ ಇರಲಿಲ್ಲ. ಗೋಣಿಚೀಲಗಳನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪಡುಬಿದ್ರಿ ದಾಟಿದ ಮೇಲೆ ಸಮುದ್ರದ ಗಾಳಿ ಬಂತು. ಬಸ್ಸು ಕಾಪುವಿನಲ್ಲಿ ನಿಂತಾಗ ಕಂಡಕ್ಟರ್ ಊರಿನ ಹೆಸರು ಕೂಗಿದ. ಪಕ್ಕದಲ್ಲಿದ್ದ ಹೆಂಗಸು ಖಾಲಿ ಮೀನಿನ ಬುಟ್ಟಿ ಎತ್ತಿಕೊಂಡು ಎದ್ದಳು. ಹಸೈನಾರ್ ಕಾಲು ಮಡಚಿ ಅವಳಿಗೆ ದಾರಿ ಬಿಟ್ಟ.